ಕೋಣೆಯೊಳಗಿಂದ ಹಾದುಹೋದ ರೆಕ್ಕೆ

ಮಾವ ಮತ್ತು ಗಂಡ ಮಾತು ಬಿಟ್ಟ ದಿನದಿಂದ ಟೈಲರಮ್ಮನಿಗೆ ಎರಡು ಕೆಲಸ. ಒಂದು, ಕೆಳಗಿನ ಅಂಗಡಿಯಲ್ಲಿ ಬಟ್ಟೆ ಹೊಲಿಯುವುದು. ಇನ್ನೊಂದು, ಮಹಡಿಯ ಮಾತನ್ನು ಕೆಳಕ್ಕೂ ಕೆಳಗಿನ ಮಾತನ್ನು ಮಹಡಿಗೂ ದಾಟಿಸುವುದು. ಮೊದಲನೆಯದಕ್ಕೆ ಕೂಲಿ ಸಿಗುತ್ತಿತ್ತು. ಎರಡನೆಯದಕ್ಕೆ ಎರಡೂ ಕಡೆಯಿಂದ ಬೈಗುಳ.

ಬಂದ ಮಾತನ್ನು ಬಂದ ಹಾಗೇ ದಾಟಿಸುವಷ್ಟು ದಡ್ಡಿ ಅವಳಲ್ಲ. ಒಗೆದು, ಹಿಂಡಿ, ಇಸ್ತ್ರಿ ಹಾಕಿ ಕೊಡುತ್ತಿದ್ದಳು. ಮೇಲಿನಿಂದ ಮಾವ, “ಆ ಗಾಳಿಗಿರಾಕಿಗೆ ಹೇಳು, ಅಪ್ಪನಿಗೆ ಮಾತ್ರೆ ತರೋ ಯೋಗ್ಯತೆ ಇಲ್ಲದಿದ್ರೆ ಬೇಡ ಅಂತ” ಎಂದರೆ, ಇವಳು ಕೆಳಗಿಳಿದು, “ರೀ, ಮಾವನ ಮಾತ್ರೆ ಮುಗಿದಿದೆ” ಎನ್ನುತ್ತಿದ್ದಳು. ಗಂಡ, “ಜೀವಮಾನವೆಲ್ಲ ಹೊಗೆ ಕುಡಿದ ಎದೆಗೆ ಮಾತ್ರೆ ಏನು ಮಾಡುತ್ತೆ” ಎಂದು ಗೊಣಗಿದರೆ, ಮೇಲೆ ಹತ್ತಿ, “ಸಂಜೆ ತರ್ತಾರಂತೆ ಮಾವ” ಎನ್ನುತ್ತಿದ್ದಳು. ಸಂಜೆ ಮಾತ್ರೆ ಬರುತ್ತಲೂ ಇತ್ತು. ಜಗಳ ಇದ್ದದ್ದು ಮಾತಿನಲ್ಲೇ ಹೊರತು ಮಾತ್ರೆಯಲ್ಲಲ್ಲ.

ಮಾವ ಊರಾಚೆಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ಬಿಚ್ಚಿ ಜೋಡಿಸುವ ಫಿಟ್ಟರ್ ಆಗಿದ್ದವರು. ಬೀದಿಗೆಲ್ಲ ಅವರು ಟರ್ಬೈನಜ್ಜ. ಮಗನೂ ಅಲ್ಲೇ ಕಲ್ಲಿದ್ದಲಿನ ಅಂಗಳದಲ್ಲಿ ಲಾರಿ ಓಡಿಸುತ್ತಿದ್ದ. ಸೊಸೆ ಅಲ್ಲಿನ ಕೆಲಸಗಾರರಿಗೆ ನೀಲಿ ಸಮವಸ್ತ್ರ ಹೊಲಿಯುತ್ತಿದ್ದಳು. ಹೀಗೆ ಇಡೀ ಮನೆ ಒಂದೇ ಒಲೆಯ ಬಿಸಿಯಲ್ಲಿ ಬೆಂದದ್ದು. ಸರ್ಕಾರ ಬದಲಾಯಿತು, ನೀತಿ ಬದಲಾಯಿತು, ಹೊಗೆ ಸಾಕು ಎಂದು ಮೇಲಿನವರು ತೀರ್ಮಾನಿಸಿದರು, ಸ್ಥಾವರ ಮುಚ್ಚಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಕೊನೆಯ ದಿನ ಕೆಲಸಗಾರರೆಲ್ಲ ಒಂದೊಂದು ನೆನಪಿನ ವಸ್ತು ಎತ್ತಿಕೊಂಡು ಮನೆಗೆ ಬಂದರು. ಮಾವ ತಂದದ್ದು ಟರ್ಬೈನಿನೊಳಗಿನ ಒಂದು ಸವೆದ ರೆಕ್ಕೆ. ಅಂಗೈಯಷ್ಟು ಉದ್ದದ, ಒಂದು ಕಡೆ ದಪ್ಪಗೆ, ಒಂದು ಕಡೆ ತೆಳ್ಳಗೆ, ನಡುವೆ ಸ್ವಲ್ಪ ತಿರುಚಿಕೊಂಡ ಉಕ್ಕಿನ ತುಂಡು. ಅದು ಅವರ ಮಂಚದ ಪಕ್ಕದಲ್ಲಿ ಪತ್ರಿಕೆಗಳ ಮೇಲೆ ಭಾರಕ್ಕೆ ಕೂತಿತು.

ಮಗ ಕೆಲಸವಿಲ್ಲದೆ ಅಲೆದು, ಕೊನೆಗೆ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವ ಕಂಪನಿ ಸೇರಿದ. “ನಮ್ಮ ಅನ್ನ ಕಸಿದವರ ಪಂಕ್ತಿಯಲ್ಲೇ ಉಣ್ಣೋಕೆ ಕೂತ್ಯಲ್ಲೋ” ಎಂದರು ಮಾವ. ಮಗನ ಜೊತೆ ಅವರು ಆಡಿದ ಕೊನೆಯ ಮಾತು ಅದು.

ಇದರಲ್ಲಿ ಯಾರು ಸರಿ ಎಂದು ಟೈಲರಮ್ಮನನ್ನು ಕೇಳಿದರೆ ಅವಳು ಬಟ್ಟೆ ಒಣಗಿಸುವ ಹಗ್ಗವನ್ನು ತೋರಿಸುತ್ತಾಳೆ. ಈಗ ಅದರ ಮೇಲೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೂ ಬಿಳಿಯಾಗಿಯೇ ಇರುತ್ತದೆ. ಆಮೇಲೆ ಅಂಗಡಿಯ ಖಾಲಿ ಕಪಾಟನ್ನು ತೋರಿಸುತ್ತಾಳೆ. ನೀಲಿ ಬಟ್ಟೆಯ ಥಾನುಗಳು ಅಲ್ಲಿ ಮಾಡಿನವರೆಗೆ ಇರುತ್ತಿದ್ದವು. ಗಾಳಿ ಕಂಪನಿಯವರಿಗೆ ಬೇಕಾದ ಕಿತ್ತಳೆ ಬಣ್ಣದ ಮೇಲಂಗಿಗಳು ಒಂದು ಮೂಲೆಯನ್ನೂ ತುಂಬುವುದಿಲ್ಲ.

ಗಂಡನ ಹೊಸ ಕೆಲಸ ವಿಚಿತ್ರದ್ದು. ಗಾಳಿಯಂತ್ರದ ರೆಕ್ಕೆ ಹೊರುವ ಲಾರಿ ಎಷ್ಟು ಉದ್ದವೆಂದರೆ, ಮುಂದೆ ಕೂತ ಡ್ರೈವರನಿಗೆ ತನ್ನ ಹಿಂದಿನ ಚಕ್ರ ಯಾವ ಬೀದಿಯಲ್ಲಿದೆ ಎಂಬುದೇ ಕಾಣುವುದಿಲ್ಲ. ಅದಕ್ಕೇ ಒಬ್ಬ ಕುತ್ತಿಗೆಗೆ ಪೆಟ್ಟಿಗೆ ನೇತುಹಾಕಿಕೊಂಡು, ಅದರ ಹಿಡಿಕೆಗಳಿಂದ ಹಿಂದಿನ ಚಕ್ರಗಳನ್ನು ತಿರುಗಿಸುತ್ತ ಪಕ್ಕದಲ್ಲೇ ನಡೆದು ಬರಬೇಕು. ಆ ಒಬ್ಬ ಇವಳ ಗಂಡ. ಹೆದ್ದಾರಿಯಲ್ಲಿ ಕೆಲಸ ಕಲಿತಿದ್ದ. ತನ್ನ ಊರಿನೊಳಗಿನಿಂದ ರೆಕ್ಕೆ ದಾಟಿಸುವುದು ಇದೇ ಮೊದಲು.

ಆ ಬೆಳಿಗ್ಗೆ ಪೊಲೀಸರು ರಸ್ತೆ ಮುಚ್ಚಿದರು. ಬೀದಿಯ ಜನವೆಲ್ಲ ಬಾಗಿಲಿಗೆ ಬಂದರು. ದೂರದ ಗುಡ್ಡದ ಮೇಲೆ ತಿರುಗುವ ರೆಕ್ಕೆಗಳನ್ನು ಅವರು ದಿನವೂ ನೋಡುತ್ತಿದ್ದರು. ಅಲ್ಲಿ ಅವು ಬೆರಳುದ್ದ. ಇಲ್ಲಿ ಲಾರಿಯ ಮೂತಿ ಔಷಧಿ ಅಂಗಡಿ ದಾಟಿತು, ಬ್ಯಾಂಕು ದಾಟಿತು, ಅಂಚೆ ಕಚೇರಿ ದಾಟಿತು, ರೆಕ್ಕೆ ಮಾತ್ರ ಇನ್ನೂ ಸೇತುವೆಯ ಮೇಲಿನಿಂದ ಬರುತ್ತಲೇ ಇತ್ತು. ಬಂತು, ಬಂತು, ಇನ್ನೂ ಬಂತು. ಟೈಲರಮ್ಮ ಅಭ್ಯಾಸಬಲದಿಂದ ಅದರ ಮೈಮೇಲೆ ಹೊಲಿಗೆ ಹುಡುಕಿದಳು. ಇಷ್ಟುದ್ದದ ವಸ್ತುವಿಗೆ ಎಲ್ಲಾದರೂ ಜೋಡಣೆ ಇರಲೇಬೇಕಲ್ಲ? ಎಲ್ಲೂ ಇರಲಿಲ್ಲ. ಬುಡದಿಂದ ತುದಿಯವರೆಗೆ ಒಂದೇ ಬಿಳುಪು. ಮನುಷ್ಯರೇ ಇದನ್ನು ಮಾಡಿದ್ದಾರೆ ಎಂದು ನೆನೆದು ಅವಳ ಮೈ ಜುಮ್ಮೆಂದಿತು.

ರೆಕ್ಕೆಯ ತುದಿ ಅವಳ ಅಂಗಡಿಯ ಮೂಲೆಗೆ ಬಂದಾಗ ಲಾರಿ ನಿಂತಿತು. ನಿಂತದ್ದು ಕದಲಲಿಲ್ಲ.

ರಸ್ತೆ ಅಳೆದವರು ನೆಲವನ್ನು ಅಳೆದಿದ್ದರು, ಮೇಲೆ ನೋಡಿರಲಿಲ್ಲ. ನೆಲದ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ರೆಕ್ಕೆಯ ತುದಿ ಚಕ್ರಗಳಿಂದ ಬಹಳ ಹಿಂದಕ್ಕೆ, ಸ್ವಲ್ಪ ಮೇಲೆತ್ತಿಕೊಂಡು ಚಾಚಿತ್ತು. ಲಾರಿ ತಿರುಗಿದರೆ ಅದು ಬೀಸಿಕೊಂಡು ಹೋಗಿ ಬಡಿಯುವುದು ನೇರವಾಗಿ ಮಾವನ ಮಹಡಿ ಕೋಣೆಗೆ. ಆ ಕೋಣೆಯೋ, ರಸ್ತೆಯ ಮೇಲಕ್ಕೆ ಮುಂದೆ ಚಾಚಿಕೊಂಡಿದ್ದು. ಸ್ಥಾವರದ ಬೂದಿಯಿಂದ ಮಾಡಿದ ಇಟ್ಟಿಗೆಯಲ್ಲಿ ಮಾವ ರಜೆಯ ದಿನಗಳಲ್ಲಿ ತಾವೇ ಕಟ್ಟಿದ್ದು. ಪರವಾನಗಿ ಎಂಬುದರ ಗೊಡವೆಗೆ ಅವರು ಹೋಗಿರಲಿಲ್ಲ.

ಕಂಪನಿಯ ಅಧಿಕಾರಿ ಅಂಗಡಿಗೆ ಬಂದ. ಜೊತೆಗೆ ವಾರ್ಡಿನ ಮೆಂಬರ್. ಸ್ಥಾವರ ಮುಚ್ಚಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಅತ್ತವನೂ ಈತನೇ, ಗಾಳಿಯಂತ್ರದ ರಿಬ್ಬನ್ ಕತ್ತರಿಸಿದವನೂ ಈತನೇ. ಗಾಳಿ ಬಂದಾಗ ತೂರಿಕೊಳ್ಳುವುದನ್ನು ಯಾರೂ ಅವನಿಗೆ ಹೇಳಿಕೊಡಬೇಕಿರಲಿಲ್ಲ.

“ಮೂಲೆಯ ಎರಡು ಗೋಡೆ ಬಿಚ್ಚಬೇಕಮ್ಮ. ಆಮೇಲೆ ಕಂಪನಿಯೇ ಕಟ್ಟಿಕೊಡುತ್ತೆ” ಎಂದ ಅಧಿಕಾರಿ.

“ಮಾವ ಒಪ್ಪಲ್ಲ.”

“ಒಪ್ಪೋದೇನು ಬಂತು? ಆ ಕೋಣೆಗೆ ಪರವಾನಗಿನೇ ಇಲ್ಲ” ಎಂದ ಮೆಂಬರ್.

“ಇದೇ ಬಾಯಲ್ಲಿ ಆ ಕೋಣೆ ನನ್ನ ಜವಾಬ್ದಾರಿ ಅಂದಿದ್ರಲ್ಲ ಸ್ವಾಮಿ?”

“ಆಗ ಚುನಾವಣೆ ಇತ್ತಲ್ಲಮ್ಮ” ಎಂದ ಅವನು, ಸ್ವಲ್ಪವೂ ನಾಚದೆ. “ಒಪ್ಪದಿದ್ರೆ ಪುರಸಭೆಯ ಯಂತ್ರ ತರಿಸ್ತೀನಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ನಿಮ್ಮನ್ನ ಕೇಳ್ತಿದ್ದೀನಿ.”

ಹಿಂದಿನಿಂದ ಗಂಡ ಬಂದ. ಕುತ್ತಿಗೆಯ ಪೆಟ್ಟಿಗೆಯನ್ನು ತೆಗೆದು ಹೊಲಿಗೆ ಮೇಜಿನ ಮೇಲೆ ಇಟ್ಟ. “ನಮ್ಮಪ್ಪನ ಗೋಡೆ. ಅವರು ಹೂಂ ಅನ್ನದೆ ಯಾರಾದ್ರೂ ಒಂದು ಇಟ್ಟಿಗೆ ಮುಟ್ಟಿದ್ರೆ, ಈ ಪೆಟ್ಟಿಗೆ ನೀವೇ ಹೊತ್ಕೊಳ್ಳಿ.”

“ಕೆಲಸ ಹೋಗುತ್ತೆ” ಎಂದ ಅಧಿಕಾರಿ ಮೆಲ್ಲಗೆ.

“ಹೋಗಲಿ. ಒಂದು ಸಲ ಹೋಗಿ ಅಭ್ಯಾಸ ಇದೆ.”

ಟೈಲರಮ್ಮ ಲೆಕ್ಕ ಹಾಕಿದಳು. ಗೋಡೆ ಉಳಿದರೆ ಗಂಡನ ಕೆಲಸ ಹೋಗುತ್ತದೆ. ಗೋಡೆ ಹೋದರೆ ಮಾವ ಈ ಜನ್ಮದಲ್ಲಿ ಮಗನ ಮುಖ ನೋಡುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಮೆಟ್ಟಿಲು ಹತ್ತುತ್ತ ಮಾತಿಗೆ ಇಸ್ತ್ರಿ ಹಾಕಲು ನೋಡಿದಳು. ಬರಲಿಲ್ಲ. ಮೊದಲ ಸಲ, ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಿದಳು.

ಮಾವ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಊರೇ ನೋಡುತ್ತಿದ್ದದ್ದನ್ನು ತಾವು ನೋಡುವುದಿಲ್ಲ ಎಂಬ ಹಟ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

“ಸುಳ್ಳು” ಎಂದರು. “ಅವನು ಹಾಗೆ ಅನ್ನಲ್ಲ. ನೀನು ಮಾತು ಒಗೆದು ತರ್ತೀಯ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯೇನಮ್ಮ?”

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಇಷ್ಟು ದಿನ ಸುಳ್ಳು ನಡೆಯಿತು, ಇವತ್ತು ನಿಜ ನಡೆಯುವುದಿಲ್ಲ! “ಹಾಗಾದ್ರೆ ಕಿಟಕಿ ತೆಗೆದು ನೀವೇ ಕೇಳಿಸ್ಕೊಳ್ಳಿ” ಎಂದು ಹೋಗಿ ಕಿಟಕಿಯ ಬಾಗಿಲನ್ನು ತಾನೇ ದೂಡಿದಳು.

ಕೆಳಗಿನಿಂದ ಗಂಡನ ದನಿ ಏರಿ ಬಂತು. “ಯಂತ್ರ ತರಿಸಿ ನೋಡೋಣ. ಮೊದಲು ನನ್ನ ಮೇಲೆ ಹತ್ತಿಸಿ!”

ಮಾವ ತಿರುಗಿದರು. ಮಗನನ್ನು ನೋಡಲು ತಿರುಗಿದ್ದು. ಆದರೆ ಕಿಟಕಿಯ ತುಂಬ ಇದ್ದದ್ದು ಮಗನಲ್ಲ, ರೆಕ್ಕೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅದರ ತುದಿ ಇತ್ತು. ಅಲ್ಲಿಂದ ಅದು ದಪ್ಪವಾಗುತ್ತ, ಅಗಲವಾಗುತ್ತ, ತನ್ನೊಳಗೇ ಮೆಲ್ಲಗೆ ತಿರುಚಿಕೊಳ್ಳುತ್ತ, ಅಂಚೆ ಕಚೇರಿಯ ಮಾಡು ದಾಟಿ ಬೀದಿಯ ಆ ಕೊನೆಯವರೆಗೆ ಮಲಗಿತ್ತು. ಬೆಳಗಿನ ಬಿಸಿಲು ಅದರ ಬೆನ್ನ ಮೇಲೆ ಹರಿಯುತ್ತಿತ್ತು. ಮಾವನ ಉಸಿರಿನ ಗೊರಗೊರ ಒಂದು ಕ್ಷಣ ನಿಂತಂತಾಯಿತು. ಸೊಸೆ ಗಾಬರಿಯಾಗಿ ಅವರ ಭುಜ ಹಿಡಿದಳು.

ಅವರು ಪತ್ರಿಕೆಗಳ ಮೇಲಿದ್ದ ಉಕ್ಕಿನ ತುಂಡನ್ನು ಎತ್ತಿಕೊಂಡು ಕಿಟಕಿಗೆ ಎದುರಾಗಿ ಹಿಡಿದರು. ಒಂದು ಕಣ್ಣು ಮುಚ್ಚಿದರು. ಇಲ್ಲಿ ಅಂಗೈ ಉದ್ದದ್ದು, ಅಲ್ಲಿ ಬೀದಿ ಉದ್ದದ್ದು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ನಡುವೆ ಅದೇ ತಿರುವು. ಸೊಸೆಗೂ ಅದು ಕಂಡಿತು. ಬಟ್ಟೆ ಕತ್ತರಿಸಿದ ರೀತಿ ನೋಡಿ ಯಾವ ಅಳತೆಯದು ಎಂದು ಹೇಳುವವಳಿಗೆ ಕಾಣದೆ ಇರುತ್ತದೆಯೇ?

“ಅಮ್ಮಾ” ಎಂದರು ಮಾವ. ಅವರ ದನಿ ಹುಡುಗರ ದನಿಯ ಹಾಗಾಗಿತ್ತು. “ಇದು ನಮ್ಮ ಮನೆತನದ್ದೇ ಕಣಮ್ಮ. ಒಳಗೆ ಕತ್ತಲಲ್ಲಿ, ಉಗಿಯಲ್ಲಿ ತಿರುಗ್ತಾ ಇತ್ತಲ್ಲ, ಅದೇ. ಹೊರಗೆ ಬಂದು ಬೆಳೆದುಬಿಟ್ಟಿದೆ.”

ಆಮೇಲೆ ಮಂಚದ ಕೆಳಗಿನಿಂದ ಸುತ್ತಿಗೆ ಎಳೆದರು. ಮೊದಲ ಇಟ್ಟಿಗೆಯನ್ನು ಅವರೇ ಬಿಡಿಸಿದರು. ಉಳಿದದ್ದನ್ನು ಕಂಪನಿಯ ಆಳುಗಳು ಹೊರಗಿನ ಏಣಿಯ ಮೇಲೆ ನಿಂತು ಬಿಡಿಸಿದರು. ಅವರು ಒಳಗೆ ಕಾಲಿಡಬಾರದು ಎಂಬುದು ಮಾವನ ಷರತ್ತು. ಬಿಚ್ಚಿದ ಕಡೆಯ ತಗಡಿನ ಮಾಡು ಕೋಣೆಯ ನಡುವಿನ ಒಂದೇ ಕಂಬದ ಮೇಲೆ ನಿಂತಿತು. ಕಂಬಕ್ಕೆ ರೆಕ್ಕೆ ತಗಲಿದರೆ ಮಾಡು ತಲೆಯ ಮೇಲೆ. ಹೊರಗೆ ಬನ್ನಿ ಎಂದು ಅಧಿಕಾರಿ ಕೂಗಿ ಕೂಗಿ ಹಣೆ ಚಚ್ಚಿಕೊಂಡ. ಮಾವ ಕಂಬಕ್ಕೆ ಒರಗಿ ನಿಂತರು. ಸೊಸೆ ಬಾಗಿಲಲ್ಲಿ ನಿಂತಳು.

ಲಾರಿ ಗುರುಗುಟ್ಟಿತು. ರೆಕ್ಕೆಯ ತುದಿ ಮೆಲ್ಲಗೆ ಕೋಣೆಯೊಳಗೆ ಬಂತು. ಸದ್ದೇ ಇಲ್ಲ. ಮಂಚದ ಮೇಲಿಂದ, ಮಡಿಸಿಟ್ಟ ಹೊದಿಕೆಯ ಮೇಲಿಂದ, ಗೋಡೆಗೆ ನೇತುಹಾಕಿದ್ದ ಹಳೆಯ ನೀಲಿ ಅಂಗಿಯ ಮುಂದಿನಿಂದ ಅದು ತೇಲಿಬಂತು. ಅದರ ಬಿಳುಪಿಗೆ ಕೋಣೆಯೇ ಬೆಳಗಿತು. ಅವಳು ಮೂಗಿನ ಮೇಲೆ ಬೆರಳಿಟ್ಟು ನಿಂತುಬಿಟ್ಟಳು.

ಕೆಳಗೆ ಗಂಡನಿಗೆ ಒಳಗಿನದು ಕಾಣುತ್ತಿರಲಿಲ್ಲ. “ಕಂಬ ಎಷ್ಟು ದೂರ ಇದೆ?” ಎಂದು ಕೂಗಿದ. ಯಾರಿಗೆ ಎಂದು ಹೇಳಲಿಲ್ಲ.

ಮಾವ ಸೊಸೆಯ ಕಡೆ ತಿರುಗಿದರು. “ಅವನಿಗೆ ಹೇಳು...”

ಅವಳು ಬಾಯಿ ತೆರೆದಳು, ಮುಚ್ಚಿದಳು. ರೆಕ್ಕೆ ಬರುತ್ತಿತ್ತು. “ನಾನು ಹೇಳಲ್ಲ ಮಾವ. ನೀವೇ ಹೇಳಿ.”

ಮಾವ ಅವಳನ್ನು ನೋಡಿದರು, ಕಂಬವನ್ನು ನೋಡಿದರು. ರೆಕ್ಕೆ ಇನ್ನೂ ಬಂತು.

“ನಿಲ್ಲೋ! ಒಂದು ಗೇಣಿದೆ ಅಷ್ಟೇ! ಹೊರಕ್ಕೆ ತಗೋ. ಹೊರಕ್ಕೆ ಅಂದ್ನಲ್ಲೋ ಕತ್ತೆ!”

ಕೆಳಗಿನಿಂದ ಗಂಡನ ದನಿ ಬಂತು: “ಹೊರಕ್ಕೇ ತಗೋತಿದ್ದೀನಪ್ಪಾ! ಚಕ್ರ ತಿರುಗೋಕೆ ಹೊತ್ತು ಬೇಡ್ವಾ?”

“ಬಾ... ಈಗ ಬಾ... ನಿಧಾನ... ಹಾಂ, ಬಾ ಮಗಾ, ಬಾ.”

ರೆಕ್ಕೆ ಕಂಬವನ್ನು ಬಳಸಿ, ಇನ್ನೊಂದು ಗೋಡೆಯಿದ್ದ ಕಡೆಯಿಂದ ಹೊರಬಿತ್ತು. ಹೋಗುವಾಗ ಮಾವ ಅದರ ಅಂಚಿಗೆ ಅಂಗೈ ಇಟ್ಟರು. ತುದಿ ಕೈತಪ್ಪಿ ಹೋಗುವವರೆಗೂ ತೆಗೆಯಲಿಲ್ಲ. ಕೆಳಗೆ ಬೀದಿಯೇ ಚಪ್ಪಾಳೆ ತಟ್ಟಿತು. ಮೆಂಬರ್ ಅದನ್ನು ತನಗೇ ಎಂದುಕೊಂಡು ಕೈಮುಗಿದ.

ಲಾರಿಯನ್ನು ಊರಾಚೆ ದಾಟಿಸಿ ಮಧ್ಯಾಹ್ನ ಗಂಡ ಹಿಂದಿರುಗಿದಾಗ, ಮಾವ ಗೋಡೆಯಿಲ್ಲದ ಕೋಣೆಯ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಉಕ್ಕಿನ ತುಂಡು.

“ಗೋಡೆ ಯಾವಾಗ ಕಟ್ತಾರೆ?” ಎಂದು ಮೇಲಿನಿಂದ ಕೂಗಿದರು.

“ಈಗಲೇ ಆಗಲ್ಲಪ್ಪ. ಒಂದು ಯಂತ್ರಕ್ಕೆ ಮೂರು ರೆಕ್ಕೆ. ಇನ್ನೂ ಎರಡು ಬರಬೇಕು.”

“ಹಾಗಾದ್ರೆ ಅವಸರ ಇಲ್ಲ ಬಿಡು. ಮೇಲೆ ಬಾ, ಕೇಳೋದಿದೆ.” ಗಂಡ ಮೆಟ್ಟಿಲು ಹತ್ತುವವರೆಗೂ ಅವರಿಗೆ ತಡೆಯಲಾಗಲಿಲ್ಲ. “ಸ್ಥಾವರದಲ್ಲಿ ಒಂದು ಊರಿನಷ್ಟು ಜನ ಇದ್ವಿ. ನಿನ್ನ ಗುಡ್ಡದ ಮೇಲೆ ಎಷ್ಟು ಜನ ಇದ್ದೀರೋ?”

“ಊರಿನಷ್ಟು ಜನ ಕೆಮ್ತಾ ಇದ್ರಿ!”

“ಕೆಮ್ಮಿದ್ರೂ ಉಂಡ್ವಿ!”

ಕೆಳಗೆ ಟೈಲರಮ್ಮ ಕಿತ್ತಳೆ ಮೇಲಂಗಿಯನ್ನು ಮೆಷಿನ್ನಿಗೆ ಕೊಟ್ಟು, ಕಾಲನ್ನು ಪೆಡಲಿನ ಮೇಲಿಟ್ಟು, ತುಳಿಯದೆ ಕೂತು ಕೇಳಿದಳು. ಒಂದು ಮಾತೂ ಒಗೆದದ್ದಲ್ಲ, ಇಸ್ತ್ರಿ ಕಂಡದ್ದಲ್ಲ. ಇಂಥ ಮಾತನ್ನು ಅವಳು ಸತ್ತರೂ ದಾಟಿಸುತ್ತಿರಲಿಲ್ಲ. ಈಗ ಕರೆಯುತ್ತಾರೆ, ಈಗ “ಅವನಿಗೆ ಹೇಳು” ಅನ್ನುತ್ತಾರೆ ಎಂದು ಅಭ್ಯಾಸಬಲದಿಂದ ಕಾದಳು. ಯಾರೂ ಅವಳನ್ನು ಕರೆಯಲಿಲ್ಲ.