ಎರಡೂ ಗದ್ಯದಲ್ಲಿ ಮಲ್ಲಿಗೆ

ಮುರುಗೇಶಪ್ಪ ಮೇಷ್ಟ್ರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅಷ್ಟು ವರ್ಷ ಸಾವಿರಾರು ಉತ್ತರ ಪತ್ರಿಕೆ ತಿದ್ದಿದ್ದರೂ ಒಂದನ್ನೂ ಎಸೆದವರಲ್ಲ. ತೊಂಬತ್ತೆಂಟರ ಜೂನ್ ತಿಂಗಳ ಒಂದು ಬೆಳಿಗ್ಗೆ, ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ತಮ್ಮ ಮನೆಯ ಜಗಲಿಯಲ್ಲಿ ಕೂತು, ಇಪ್ಪತ್ತೇಳನೇ ನಂಬರಿನ ಪತ್ರಿಕೆಯನ್ನು ಎಸೆದರು.

"ಏನಾತ್ರಿ?" ಎಂದು ಹೆಂಡತಿ ಕಸ್ತೂರಮ್ಮ ಒಳಗಿನಿಂದ ಕೇಳಿದರು.

"ಏನಿಲ್ಲ. ಅಧಿಕಪ್ರಸಂಗಿ ಒಂದು."

ಹರಿಹರದಲ್ಲಿ ಹೊಸದಾಗಿ ಶುರುವಾಗಿದ್ದ ಖಾಸಗಿ ಕಾಲೇಜೊಂದು ಪಿಯುಸಿಗೆ ಒಂದು ಪುಕ್ಕಟೆ ಸೀಟು ಇಟ್ಟಿತ್ತು. ಪ್ರವೇಶ ಪರೀಕ್ಷೆಯಲ್ಲಿ ಯಾರಿಗೆ ಹೆಚ್ಚು ಅಂಕವೋ ಅವರಿಗೆ ಸೀಟು. ಕಾಲೇಜಿನ ಕಾರ್ಯದರ್ಶಿ ಬಸವಕಿರಣ್ ಮೇಷ್ಟ್ರ ಹಳೇ ಶಿಷ್ಯ. ಅವನಿಗೆ ಎಲ್ಲಿಂದಲೋ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯ ದಪ್ಪ ಗೈಡೊಂದು ಸಿಕ್ಕಿತ್ತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಮೇಷ್ಟ್ರ ಮನೆಗೆ ಬಂದಿದ್ದ.

"ಅಲ್ಲಿ ಜೋಡಿ ಗದ್ಯ ಕೊಡ್ತಾರೆ ಸರ್. ಒಂದೇ ವಿಷಯ, ಇಬ್ಬರು ಲೇಖಕರು. ಹುಡುಗ್ರು ಎರಡನ್ನೂ ಹೋಲಿಸಿ ಉತ್ತರ ಬರೀಬೇಕು. ನಮ್ಮಲ್ಲೂ ಹಂಗೇ ಮಾಡಾಣ."

"ಯಾವ ಲೇಖಕರದ್ದು ಹಾಕೋದಪ್ಪ?"

"ಯಾರದ್ದು ಹಾಕಿದ್ರೂ ಟ್ರಸ್ಟಿನಾಗೆ ಒಬ್ಬರಿಗೆ ಬ್ಯಾಸರ. ನಮ್ಮೋರ್ದು ಯಾಕ ಹಾಕ್ಲಿಲ್ಲ ಅಂತಾರೆ. ಅದೆಲ್ಲ ಬ್ಯಾಡ, ಎರಡನ್ನೂ ನೀವೇ ಬರೆದುಬಿಡ್ರಿ. ಹೆಸರು ಯಾವುದಾದ್ರೂ ಹಾಕ್ರಿ."

ಮೇಷ್ಟ್ರಿಗೆ ಒಳಗೊಳಗೇ ಹಿಗ್ಗಾಯಿತು. ಊರಿಗೆ ಹೆಸರು ತಂದ ಮಂಡಕ್ಕಿಯ ಮೇಲೇ ಬರೆದರು. ಮೊದಲನೆಯದು ಒಬ್ಬ ಅರ್ಥಶಾಸ್ತ್ರಜ್ಞನ ಹೆಸರಿನಲ್ಲಿ, ಮಂಡಕ್ಕಿ ಭಟ್ಟಿ ಎಷ್ಟು ಸಂಸಾರಗಳಿಗೆ ಅನ್ನ ಕೊಟ್ಟಿದೆ ಎಂದು. ಎರಡನೆಯದು ಭಟ್ಟಿಯಲ್ಲಿ ದುಡಿಯುವ ಹೆಂಗಸೊಬ್ಬಳ ಹೆಸರಿನಲ್ಲಿ, ಅವಳ ಬೆವರು, ಅವಳ ಕನಸು ಎಂದು. ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂತು, ಎರಡು ಲೋಟ ಕಾಫಿ ಮುಗಿಯುವುದರೊಳಗೆ ಬರೆದು ಮುಗಿಸಿದರು. ಕೆಳಗೆ ನಾಲ್ಕು ಆಯ್ಕೆ. ಒಂದನ್ನು ಆರಿಸಿ ಕಾರಣ ಬರೆಯಬೇಕು, ಐದು ಅಂಕ. ಸರಿಯುತ್ತರ: ಮೊದಲ ಲೇಖಕರದು ವಿಚಾರ, ಎರಡನೆಯವರದು ಭಾವನೆ. ಅದನ್ನೂ ಬರೆದು, ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ ಕೊಟ್ಟಿದ್ದರು. ಪತ್ರಿಕೆ ತಿದ್ದುವ ಕೆಲಸವೂ ಅವರ ಪಾಲಿಗೇ ಬಂದಿತ್ತು.

ಈಗ ಎಸೆದ ಪತ್ರಿಕೆಯನ್ನು ಬಗ್ಗಿ ಎತ್ತಿಕೊಂಡು ಮತ್ತೆ ಓದಿದರು. ಅಕ್ಷರ ದುಂಡಗಿತ್ತು.

"ನಾಲ್ಕೂ ಉತ್ತರ ಸರಿಯಿಲ್ಲ. ಎರಡು ಗದ್ಯದಲ್ಲೂ ಮಂಡಕ್ಕಿ ಮಲ್ಲಿಗೆಯಂತೆ ಅರಳುತ್ತದೆ. ಎರಡರಲ್ಲೂ ಟೈರಿನ ವಾಸನೆ ಇಲ್ಲ. ಎರಡನೇ ಗದ್ಯದ ಹೆಂಗಸು ಒಂದು ಸಲವೂ ಕೆಮ್ಮುವುದಿಲ್ಲ. ಇಬ್ಬರೂ ಮಂಡಕ್ಕಿ ತಿಂದವರು, ಹುರಿದವರಲ್ಲ. ಇಬ್ಬರೂ ಒಬ್ಬರೇ ಇರಬಹುದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಷ್ಟ್ರು ತಮ್ಮ ಗದ್ಯಗಳನ್ನು ತೆಗೆದು ನೋಡಿದರು. ಮಲ್ಲಿಗೆ ಎರಡರಲ್ಲೂ ಇತ್ತು. ಬಡಾವಣೆಯಿಂದ ಎರಡು ಮೈಲಿ ದೂರದ ಭಟ್ಟಿಗೆ ತಾವು ಹುಟ್ಟಿದಾಗಿನಿಂದ ಒಮ್ಮೆಯೂ ಹೋಗಿಲ್ಲ ಎಂಬುದು ಆಗ ನೆನಪಾಯಿತು.

ಲೆಕ್ಕ ಸರಳವಾಗಿತ್ತು. ಬಟ್ಟೆ ವ್ಯಾಪಾರಿಯ ಮಗಳು ಐಶ್ವರ್ಯಳಿಗೆ ತೊಂಬತ್ತೊಂದು. ಅವಳು ಟ್ಯೂಷನ್ನಿನಲ್ಲಿ ಕಲಿಸಿದಂತೆ ವಿಚಾರ, ಭಾವನೆ ಎಂದು ಚೊಕ್ಕವಾಗಿ ಬರೆದಿದ್ದಳು. ಇಪ್ಪತ್ತೇಳಕ್ಕೆ ಈ ಪ್ರಶ್ನೆ ಬಿಟ್ಟು ಎಂಬತ್ತೆಂಟು. ಐದು ಕೊಟ್ಟರೆ ಸೀಟು ಇಪ್ಪತ್ತೇಳಕ್ಕೆ, ಸೊನ್ನೆ ಕೊಟ್ಟರೆ ಐಶ್ವರ್ಯಳಿಗೆ. ಕಾಲೇಜು ಕೊಟ್ಟಿದ್ದ ಹೆಸರುಗಳ ಪಟ್ಟಿಯಲ್ಲಿ ನೋಡಿದರು: ಇಪ್ಪತ್ತೇಳು, ನಸೀಮಾ ಬಾನು, ತಾಯಿ ಖತೀಜಾಬೀ, ಮಂಡಕ್ಕಿ ಭಟ್ಟಿ.

ಮೇಷ್ಟ್ರು ಸೊನ್ನೆ ಹಾಕಿದರು. ಹಾಕಿದ ಮೇಲೂ ಸಮಾಧಾನವಾಗದೆ, ಹುಡುಗಿ ಸುಳ್ಳು ಬರೆದಿದ್ದಾಳೆಂದು ಕಣ್ಣಾರೆ ನೋಡಿ ಬರಲು ಆಟೋ ಹತ್ತಿದರು.

ಭಟ್ಟಿಯ ಓಣಿ ಇನ್ನೂ ದೂರವಿರುವಾಗಲೇ ಮೂಗು ಮುಚ್ಚಿಕೊಂಡರು. ಸುಟ್ಟ ರಬ್ಬರಿನ ನಾತ ಗಂಟಲಿಗೆ ಇಳಿದು ಅಂಟಿಕೊಂಡಿತು. ಭಟ್ಟಿಯ ಬಾಯಿಗೆ ಒಬ್ಬ ಟೈರಿನ ತುಂಡುಗಳನ್ನು ತುರುಕುತ್ತಿದ್ದ. ಕಾದ ಮರಳಿನಲ್ಲಿ ಅಕ್ಕಿ ಚಟಪಟ ಸಿಡಿಯುತ್ತಿತ್ತು. ಗೋಡೆ, ಸೂರು, ಮನುಷ್ಯರ ರೆಪ್ಪೆ, ಎಲ್ಲ ಕಪ್ಪು. ಮಂಡಕ್ಕಿ ಒಂದೇ ಬಿಳಿ. ಜರಡಿ ಹಿಡಿದಿದ್ದ ಹೆಂಗಸೊಬ್ಬಳು ಮೇಷ್ಟ್ರನ್ನು ನೋಡಿ, ಸ್ಟೂಲಿನ ಮಸಿಯನ್ನು ಸೆರಗಿನಿಂದ ಒರೆಸಿ, ಮುಂದೆ ಸರಿಸಿದಳು.

"ಕೂಡ್ರಿ ಸಾಹೇಬ್ರ. ಎಷ್ಟು ಸೇರು ಬೇಕ್ರಿ?"

ಅಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು. ಬಾಗಿ ಕೆಮ್ಮಿದಳು, ಮೂಲೆಗೆ ಹೋಗಿ ಉಗಿದಳು. ಉಗುಳು ಕಪ್ಪಗಿತ್ತು. ಆಚೆಯಿಂದ ಯಾರೋ "ಖತೀಜಾಬೀ, ಜರಡಿ" ಎಂದು ಕೂಗಿದರು.

"ಎಷ್ಟು ವರ್ಷದಿಂದ ಕೆಮ್ಮು?" ಮೇಷ್ಟ್ರು ಕೇಳಿದರು.

"ಯಾರು ಎಣಿಸ್ಯಾರ್ರಿ? ಮಗಳು ಹರಿಹರದಾಗ ದೊಡ್ಡ ಪರೀಕ್ಷೆ ಬರದಾಳ. ಇದ್ದದ್ದು ಇದ್ದಂಗೆ ಬರದೀನಮ್ಮ, ಸೀಟು ಸಿಗತೈತಿ ಅಂತಾಳ. ಸಿಕ್ಕರೆ ಅವಳಾದರೂ ಇದರಿಂದ ಹೊರಗೆ ಬೀಳ್ತಾಳ."

ಮೇಷ್ಟ್ರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಹತ್ತು ನಿಮಿಷಕ್ಕೇ ಬಟ್ಟೆ ಕಪ್ಪಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಕ್ಲಾಸಿನಲ್ಲಿ ಮಕ್ಕಳನ್ನು ನಗಿಸುತ್ತಿದ್ದವರು, ಈ ಹೆಂಗಸಿನ ಜುಟ್ಟಿಗೆ ತಾವೇ ಮಲ್ಲಿಗೆ ಮುಡಿಸಿ, ಅದಕ್ಕೆ ಗದ್ಯ ಎಂದು ಹೆಸರಿಟ್ಟು, ಅವಳ ಮಗಳಿಗೆ ಸೊನ್ನೆ ಹಾಕಿ ಬಂದಿದ್ದರು. ತಮ್ಮ ಬಗ್ಗೆ ಅವರಿಗೆ ಹೇಸಿಗೆಯಾಯಿತು.

ಮರುದಿನ ಪತ್ರಿಕೆಗಳ ಕಟ್ಟು ಹಿಡಿದು ಹರಿಹರದ ಬಸ್ ಹತ್ತಿದರು. ಹೆಚ್ಚು ಅಂಕ ಪಡೆದ ಮೊದಲ ಇಬ್ಬರ ಪತ್ರಿಕೆಗಳನ್ನು ಟ್ರಸ್ಟಿನ ಸಭೆಯಲ್ಲಿ ಎಲ್ಲರೂ ಓದಿ ನೋಡುವುದು ಆ ಕಾಲೇಜಿನ ಪದ್ಧತಿ. ಸಭೆ ಅಂದೇ ಸಂಜೆ ಇತ್ತು.

ಬಸವಕಿರಣ್ ನಸೀಮಾಳ ಉತ್ತರ ಓದಿ ತಲೆದೂಗಿದ.

"ಹುಡುಗಿ ಹೇಳಿದ್ದು ಖರೇ ಐತೆ ಕಿರಣ. ಐದು ಅಂಕ ಕೊಡಬೇಕು," ಎಂದರು ಮೇಷ್ಟ್ರು.

"ಹೆಂಗೆ ಸರ್? ನಾಲ್ಕರಾಗೆ ಒಂದೂ ಆರಿಸಿಲ್ಲ. ಸರಿಯುತ್ತರ ಕೊಟ್ಟೋರು ನೀವೇ, ನಿಮ್ಮ ಸಹಿ ಐತೆ. ಈಗ ತಪ್ಪು ಅಂದ್ರೆ ಎರಡನ್ನೂ ನೀವೇ ಬರೆದದ್ದು ಹೊರಗೆ ಬೀಳುತ್ತೆ. ನಿಮ್ಮ ಮರ್ಯಾದಿ ಪ್ರಶ್ನೆ ಸರ್ ಇದು."

ಆ ಮರ್ಯಾದೆ ಮೇಷ್ಟ್ರಿಗೆ ಬೇಕಿತ್ತು. ಊರಲ್ಲಿ ಎದುರಾದವರೆಲ್ಲ ಕೈಮುಗಿಯುವ ಮರ್ಯಾದೆ.

ಬಸವಕಿರಣ್ ಹಾಳೆಯನ್ನು ಇನ್ನೊಮ್ಮೆ ಓದಿ ಮುಗುಳ್ನಕ್ಕ. "ಪಾಪ, ಏನು ಸಹಜವಾಗಿ ಬರದಾಳೆ ನೋಡ್ರಿ. ಒಂದು ಕೆಲಸ ಮಾಡಾಣ ಸರ್. ಮುಂದಿನ ವರ್ಷ ಇದನ್ನೇ ಎರಡನೇ ಗದ್ಯ ಮಾಡಾಣ. ಅವಳ ಹೆಸರು ಬ್ಯಾಡ, ಸ್ವಲ್ಪ ಉದ್ದ ಮಾಡ್ರಿ ಸಾಕು."

"ಸರಿಯುತ್ತರ?"

"ಅದೇ ಇರಲಿ ಸರ್. ಮೊದಲನೇದು ವಿಚಾರ, ಎರಡನೇದು ಭಾವನೆ."

ಮೇಷ್ಟ್ರು ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡರು. ಕೆಂಪು ಪೆನ್ನಿನಿಂದ ಸೊನ್ನೆಯನ್ನು ಹೊಡೆದುಹಾಕಿ ಐದು ಬರೆದರು. ಹುಡುಗಿಯ ಸಾಲುಗಳ ಕೆಳಗೆ ಬರೆದರು: "ಎರಡೂ ಗದ್ಯ ಬರೆದವನು ನಾನೇ. ಭಟ್ಟಿ ನೋಡದೆ ಬರೆದೆ. ಈ ಹುಡುಗಿ ಕಂಡುಹಿಡಿದಿದ್ದಾಳೆ. ಪೂರ್ಣ ಅಂಕ." ಕೆಳಗೆ ಹೆಸರು, ತಾರೀಖು, ಸಹಿ.

ಬಸವಕಿರಣನ ಮುಖ ಇಳಿಯಿತು. "ಇದನ್ನ ಟ್ರಸ್ಟಿನೋರೆಲ್ಲ ಓದ್ತಾರೆ ಸರ್."

"ಓದ್ಲಿ," ಎಂದರು ಮೇಷ್ಟ್ರು ಎದ್ದು ನಿಂತು. "ಜೋಡಿ ಗದ್ಯ ಬೇಕು ಅಂದಿದ್ದೆಯಲ್ಲ. ಮೇಲಿಂದು ಅವಳದು, ಕೆಳಗಿಂದು ನಂದು. ಹೋಲಿಸಿ ನೋಡ್ಲಿ."