ಸೋತಾಗ ಬೈಯುವ ದನಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈ ಸಿಟ್ಟಿಲ್ಲದಿದ್ದರೆ, ಮಾರಿದ ಮೇಲೂ ಒಮ್ಮೆಯಾದರೂ ನಮ್ಮ ಆಟವನ್ನು ತೆರೆದು ನೋಡುತ್ತಿದ್ದೆ. ನೋಡಿದ್ದರೆ ಅವ್ವನ ದನಿ ಉಳಿಯುತ್ತಿತ್ತು. ಯಾರೂ ನನ್ನನ್ನು ದೂರಿಲ್ಲ, ನಾನೇ ದೂರಿಕೊಳ್ಳುತ್ತಿದ್ದೇನೆ.

ಆ ಆಟ ಮಾಡಿದವರು ನಾನು ಮತ್ತು ಕೈಸರ್. ಬಳ್ಳಾರಿಯಲ್ಲಿ ಡಿಪ್ಲೊಮಾ ಓದುವಾಗ ಒಂದೇ ಕ್ಲಾಸಿನವರು. ಅವನು ಸಿರುಗುಪ್ಪದವನು, ನಾನು ಕುರುಗೋಡಿನವಳು. ಪಾರ್ವತಿನಗರದಲ್ಲಿ ಒಂದು ಕೋಣೆ ಹಿಡಿದು, ಎರಡು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಹುಲಿ-ಕುರಿ ಆಟವನ್ನು ಫೋನಿಗೆ ತಂದೆವು. ಕಟ್ಟೆಯ ಮೇಲೆ ಗೆರೆ ಗೀರಿ ಹುಣಸೆ ಬೀಜ ಇಟ್ಟು ಆಡುತ್ತಾರಲ್ಲ, ಅದೇ. ಹುಲಿ ಹಾರಿ ಕುರಿಯನ್ನು ತಿನ್ನಬೇಕು, ಕುರಿಗಳೆಲ್ಲ ಸೇರಿ ಹುಲಿಯನ್ನು ಕಟ್ಟಿಹಾಕಬೇಕು.

ಆಟಕ್ಕೆ ಜೀವ ಬಂದದ್ದು ನಮ್ಮವ್ವ ಉಚ್ಚೆಂಗೆಮ್ಮನಿಂದ. ನಮ್ಮಪ್ಪ ಓಬಳೇಶ ದನದ ದಲ್ಲಾಳಿ. ಸಂತೆಯಲ್ಲಿ ಎಂಥವರನ್ನೂ ಮಾತಿನಲ್ಲಿ ಮಣಿಸುವವನು, ಮನೆಯ ಕಟ್ಟೆಯ ಮೇಲೆ ಅವ್ವನೆದುರು ದಿನಾ ಸೋಲುತ್ತಿದ್ದ. ಸೋತಾಗ ಅವಳು ಬೈಯುವುದನ್ನು ಕೇಳಬೇಕು! ಒಂದು ದಿನ ಮೈಕು ಹಿಡಿದು ಆ ಬೈಗುಳವನ್ನೆಲ್ಲ ರೆಕಾರ್ಡ್ ಮಾಡಿ ಆಟದೊಳಗೆ ಇಟ್ಟೆ. ಹುಲಿ ಆಡುವವರು ಸೋತರೆ ಅವ್ವನ ದನಿ ಬರುತ್ತಿತ್ತು: "ಎವ್ವಾ, ಇಂಥಾ ಹುಲೀನ ಕಟ್ಟಿಗಂಡು ನಾ ಹೆಂಗ ಬಾಳೇವು ಮಾಡ್ಲಿ!"

ಆ ಒಂದು ಮಾತಿಗೇ ಜನ ಆಟವನ್ನು ಒಬ್ಬರಿಂದೊಬ್ಬರಿಗೆ ಹಂಚಿದರು. ಒಮ್ಮೆ ಸಿರಿಗೇರಿಗೆ ಹೋಗುವಾಗ ಬಸ್ಸಿನ ಹಿಂದಿನ ಸೀಟಿನಿಂದ ಅವ್ವನ ಬೈಗುಳ ಕೇಳಿಸಿ ಅರ್ಧ ಬಸ್ಸು ನಕ್ಕಿತು. ಪಕ್ಕದಲ್ಲಿದ್ದ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಒಳಗೊಳಗೇ ಎಷ್ಟು ಹಿಗ್ಗಿದ್ದಳೆಂದು ಊರು ಮುಟ್ಟುವವರೆಗೂ ಮತ್ತೆ ಮತ್ತೆ ನನ್ನ ಕೈ ಚಿವುಟಿದ್ದರಿಂದ ತಿಳಿಯಿತು.

ಅಷ್ಟರಲ್ಲಿ ದೊಡ್ಡ ಕಂಪನಿಯೊಂದರ ಕಣ್ಣು ಬಿತ್ತು. ಮೊದಲು ಅವರು ನಮ್ಮದರಂತೆಯೇ ಒಂದು ಹುಲಿ ಆಟ ಬಿಟ್ಟರು. ಫೋನಿನಲ್ಲಿ ನಮ್ಮ ಆಟದ ಹೆಸರನ್ನೇ ಬರೆದು ಹುಡುಕಿದರೂ ಮೇಲೆ ಅವರದೇ ಬರುತ್ತಿತ್ತು, ಜಾಹೀರಾತಿಗೆ ದುಡ್ಡು ಸುರಿದಿದ್ದರು. ನಮ್ಮದು ಎಲ್ಲೋ ಕೆಳಗೆ ಮೂಲೆಯಲ್ಲಿ. ಆದರೂ ನಮ್ಮ ಕಡೆಯ ಜನ ಬೆರಳು ಸವೆಸಿ ಕೆಳಗಿಳಿದು ನಮ್ಮದನ್ನೇ ಹುಡುಕಿಕೊಳ್ಳುತ್ತಿದ್ದರು. ಆಗ ಕಂಪನಿಯವರು ನಮ್ಮ ಆಟವನ್ನೇ ಕೊಂಡುಕೊಳ್ಳಲು ಬಂದರು.

ಬಂದವನು ನಗುಮುಖದ ಮನುಷ್ಯ. "ಮಾರದಿದ್ರೂ ಬೇಜಾರಿಲ್ಲ ಮೇಡಂ," ಎಂದ. "ಆರು ತಿಂಗಳು ಹೋದ್ರೆ ನಿಮ್ಮ ಆಟ ಯಾರ ಕಣ್ಣಿಗೂ ಬೀಳಲ್ಲ, ಅಷ್ಟೇ."

ಅಷ್ಟೇ ಅಂತೆ! ಅವನ ಹಲ್ಲು ಉದುರಿಸಬೇಕು ಅನ್ನಿಸಿತ್ತು. ಆದರೆ ಕೈಸರನ ಮುಖ ನೋಡಿದೆ, ಅವನು ಸೋತು ಸುಣ್ಣವಾಗಿದ್ದ. ಒಪ್ಪಿದೆವು. ವ್ಯಾಪಾರ ಎಂದಮೇಲೆ ತಾನಿರಬೇಕೆಂದು ಕುರುಗೋಡಿನಿಂದ ಬಂದಿದ್ದ ಅಪ್ಪ, ದನದ ಸಂತೆಯ ರೂಢಿಯಂತೆ ಹೆಗಲ ಟವೆಲ್ಲನ್ನು ಆ ಮನುಷ್ಯನ ಕೈಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದು ರೇಟು ಕೇಳಿದ. ಅವನಿಗೆ ತಲೆಬುಡ ತಿಳಿಯಲಿಲ್ಲ. ಇನ್ನೊಂದು ಕೈಯಲ್ಲಿ ಅದರ ಫೋಟೊ ಮಾತ್ರ ತೆಗೆದುಕೊಂಡ.

"ಆಟಾನ ಚಲೋ ನೋಡ್ಕಂತೀರಿ ಹೌದಿಲ್ರಿ?" ಎಂದು ಅಪ್ಪ ಕೇಳಿದ.

"ನಮ್ಮದಕ್ಕಿಂತ ಹೆಚ್ಚಾಗಿ, ಯಜಮಾನ್ರೇ."

ಅವನು ಹೋದಮೇಲೆ ನಾನೆಂದೆ: "ಅಪ್ಪ, ಇವರು ಕೊಂಡು ಮುಚ್ಚಿಬಿಟ್ರ?"

"ಎತ್ತು ಕೊಂಡು ಯಾರನ ಮೇವು ಹಾಕದಂಗ ಕಟ್ತಾರೇನು, ಹುಚ್ಚಿ?"

ಸಂತೆಯಲ್ಲಿ ಅಪ್ಪನಿಗೊಂದು ಹೆಸರಿತ್ತು. ದನ ಮಾರಿದ ಮೇಲೆ ಹಗ್ಗ ಬಿಚ್ಚಿಕೊಳ್ಳುವವರಿದ್ದಾರೆ, ಕೊರಳ ಗಂಟೆ ತೆಗೆದುಕೊಳ್ಳುವವರಿದ್ದಾರೆ. ಅಪ್ಪ ನಡೆಸುವ ವ್ಯಾಪಾರದಲ್ಲಿ ಅದು ಆಗುವ ಮಾತಲ್ಲ. ಆಟದ ಯಾವ ಪ್ರತಿಯನ್ನೂ ಇಟ್ಟುಕೊಳ್ಳುವಂತಿಲ್ಲ ಎಂದು ಕರಾರಿನಲ್ಲಿ ಬರೆದಿತ್ತು. "ಎಲ್ಲಾರೂ ಒಂದು ಕಾಪಿ ಇಟ್ಗಂಡಿರ್ತಾರ," ಎಂದು ಕೈಸರ್ ಮೆಲ್ಲಗೆ ಹೇಳಿದ್ದು ಅಪ್ಪನ ಕಿವಿಗೆ ಬಿತ್ತು.

"ಕೊಟ್ಟ ಮ್ಯಾಲ ಮುಗೀತು. ನಮ್ಮ ಮನ್ಯಾಗ ಅದರದೊಂದು ಕೂದಲು ಸೈತ ಇರಬಾರ್ದು," ಎಂದು ಅಪ್ಪ ನಮ್ಮ ಕುರ್ಚಿಗಳ ಹಿಂದೆ ನಿಂತ. ಚಿತ್ರ, ಲೆಕ್ಕಾಚಾರ, ಅವ್ವನ ಬೈಗುಳ, ಎಲ್ಲ ಅಳಿಸಿದೆವು. ಆ ದಿನ ಅವ್ವನೂ ಬಂದಿದ್ದಳು, ನೆಲದ ಮೇಲೆ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದಳು. ಅಳಿಸುವ ಮೊದಲು ಅವಳ ದನಿಯನ್ನಾದರೂ ಇಟ್ಟುಕೊಳ್ಳೋಣವೇ ಎಂದು ಕೇಳಿದೆ. ಅವಳೇ ನಕ್ಕಳು: "ನಾ ಇಲ್ಲೇ ಅದೀನಲ್ಲವ್ವ. ನಿಮ್ಮಪ್ಪನ್ನ ಬೈಯಾಕ ನನಗೇನು ಬರ?"

ಎಂಟು ತಿಂಗಳಿಗೆ ಅವ್ವ ಹೋದಳು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. 

ಕೈಸರ್ ಸಿರುಗುಪ್ಪದ ಶಾಲೆಯೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರಾದ. ನಾನು ಪಾರ್ವತಿನಗರದ ಅದೇ ಕೋಣೆಯಲ್ಲಿ ಅವರಿವರ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟು ಇದ್ದೆ. ಆ ಆಟದ ಹೆಸರೆತ್ತಿದರೆ ಮೈ ಉರಿಯುತ್ತಿತ್ತು, ಫೋನಿನಿಂದಲೇ ತೆಗೆದುಹಾಕಿದ್ದೆ. ಅಪ್ಪನ ಫೋನಿನಲ್ಲಿ ಅದಿನ್ನೂ ಇದೆಯೆಂಬುದೂ ನನ್ನ ಮನಸ್ಸಿಗೆ ಬರಲಿಲ್ಲ. ಅವನೂ ಹೇಳಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಅಪ್ಪ ಬಸ್ಸಿಳಿದು ಬಂದ. ನೀರು ಕೂಡ ಕುಡಿಯದೆ ಫೋನು ಮುಂದೆ ಹಿಡಿದ.

"ನೀಲಾ, ಮೂರು ದಿನ ಆತು, ಇದು ತೆರೀವಲ್ದು. ನೋಡವ್ವ."

ನೋಡಿದೆ. ನಮ್ಮ ಆಟ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು: ಈ ಆಟವನ್ನು ನಿಲ್ಲಿಸಲಾಗಿದೆ, ನಮ್ಮ ಇನ್ನೊಂದು ಆಟ ಆಡಿ.

"ದಿನಾ ಆಡ್ತಿದ್ದೇನಪ್ಪ?"

ಅಪ್ಪ ನಾಚಿಕೊಂಡ. "ಸಂಜಿಕಡೆ ಒಂದೀಟು. ಬೇಕಂತ ಸೋಲ್ತಿದ್ದೆ. ಗೆದ್ರ ನಿಮ್ಮವ್ವ ಏನೂ ಅನ್ನಂಗಿಲ್ಲಲ್ಲ."

ಮುಚ್ಚುವ ಮೊದಲು ಏನಾದರೂ ಬಂದಿತ್ತೇ ಎಂದು ಕೇಳಿದೆ. "ತಿಂಗಳಿಂದ ಎಂಥದೋ ಚೀಟಿ ಅಡ್ಡ ಬರ್ತಿತ್ತು, ಇಂಗ್ಲೀಷ್ನ್ಯಾಗ. ಮೂಲ್ಯಾಗಿನ ಗುಣಾಕಾರದ ಗುರ್ತು ಒತ್ತಿ ತೆಗೀತಿದ್ದೆ," ಎಂದ. ಮೂವತ್ತು ದಿನ! ಮೂವತ್ತು ದಿನದಲ್ಲಿ ಒಂದು ಸಂಜೆ ನಾನು ಆ ಚೀಟಿ ನೋಡಿದ್ದರೆ, ಇನ್ನೊಂದು ಫೋನು ಪಕ್ಕದಲ್ಲಿಟ್ಟು ಅವ್ವನ ದನಿ ಹಿಡಿದುಕೊಳ್ಳುತ್ತಿದ್ದೆ.

ಅಗ್ಗದ ಫೋನಿಗೂ ಹಗುರವಾಗಲಿ ಎಂದು ದನಿಗಳನ್ನೆಲ್ಲ ದೂರದ ಸರ್ವರಿನಲ್ಲಿ ಇಟ್ಟಿದ್ದವಳೂ ನಾನೇ. ಅಪ್ಪನ ಫೋನಿನಲ್ಲಿ ಹುಡುಕಲು ಏನೂ ಇರಲಿಲ್ಲ, ಆದರೂ ಹುಡುಕಿದೆ. ಕೈಸರನಿಗೆ ಫೋನು ಮಾಡಿದೆ. "ನನ್ನ ಹತ್ರ ಏನೂ ಇಲ್ಲ ನೀಲಾ," ಎಂದು ಅವನೂ ಅತ್ತ. ಕಂಪನಿಗೆ ಬರೆದೆ. ಇಂಥ ಏಳು ಸಣ್ಣ ಆಟಗಳನ್ನು ಕೊಂಡು ಒಂದೇ ದಿನ ಮುಚ್ಚಿದ್ದರಂತೆ, ಈಗ ಹುಲಿ ಆಟ ಎಂದರೆ ಅವರದೊಂದೇ. ಹಳೆಯ ಸರ್ವರನ್ನು ಪೂರ್ತಿ ಅಳಿಸಿಯಾಗಿದೆ, ತೊಂದರೆಗೆ ಕ್ಷಮಿಸಿ, ಹೊಸ ಆಟದಲ್ಲಿ ನಿಮಗೆ ನೂರು ನಾಣ್ಯ ಉಚಿತ ಎಂದು ಎರಡನೆಯ ದಿನ ಉತ್ತರ ಬಂತು. ಉತ್ತರ ಬರುವವರೆಗೆ ಅಪ್ಪ ಊರಿಗೆ ಹೋಗದೆ ನನ್ನ ಕೋಣೆಯಲ್ಲೇ ಕೂತಿದ್ದ.

ಓದಿ ಹೇಳಿದೆ. ಅಪ್ಪ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ, ಯಾರಾದರೂ ಕೇಳಿಸಿಕೊಂಡಾರು ಎನ್ನುವಂತೆ ದನಿ ತಗ್ಗಿಸಿದ.

"ನೀಲವ್ವ, ನೀ ಸಣ್ಣಕಿದ್ದಾಗಿಂದ ನನ್ನ ಮಾತು ಒಂದು ದಿನಾರ ಕೇಳಿದಾಕಿ ಅಲ್ಲ. ಸಾಲಿಗೆ ಹೋಗಬ್ಯಾಡಂದ್ರ ಹೋದಿ. ಲಗ್ನ ಆಗಂದ್ರ ಆಗಲಿಲ್ಲ. ಅವತ್ತೂ ನನ್ನ ಕಣ್ಣಿಗೆ ಮಣ್ಣು ಎರಚಿ ಎಲ್ಲೋ ಒಂದು ಕಾಪಿ ಇಟ್ಗಂಡಿರ್ತಿ. ನಾ ಬೈಯಂಗಿಲ್ಲ. ತೆಗಿ."

ಆ ಕಣ್ಣುಗಳಲ್ಲಿ ಎಷ್ಟು ಆಸೆಯಿತ್ತೆಂದರೆ, ಸುಳ್ಳು ಹೇಳಲೂ ಬಾಯಿ ಬರಲಿಲ್ಲ.

"ಇಲ್ಲಪ್ಪ. ಅದೊಂದು ಮಾತು ಕೇಳಿಬಿಟ್ಟೆ."

ಅಪ್ಪ ತಲೆಯಾಡಿಸಿದ. "ಚಲೋ ಮಾಡ್ದಿ," ಎಂದ. ಇನ್ನೊಮ್ಮೆ "ಚಲೋ ಮಾಡ್ದಿ ಬಿಡು," ಎನ್ನಹೋದವನಿಗೆ ಮಾತು ಮುಗಿಸಲಾಗಲಿಲ್ಲ. ಗೋಡೆಯ ಕಡೆ ತಿರುಗಿ ನಿಂತು ಅತ್ತ. ಅವ್ವನನ್ನು ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ.