ಬಾಗಿಲಲ್ಲಿ ನಿಂತವನ ಗದ್ದ

ಚಿತ್ರದಲ್ಲಿ ಅಪ್ಪನ ಗದ್ದವನ್ನು ತುಸು ಹೆಚ್ಚೇ ಮೇಲೆತ್ತಿಬಿಟ್ಟೆನೇನೋ ಎಂಬ ಅಳುಕನ್ನು ಅವಳು ತನ್ನೊಳಗೇ ಒಪ್ಪಿಕೊಂಡಳು. ಸೋದರಮಾವನ ಅಚ್ಚುಮನೆಯಲ್ಲಿ ಮಗಳು ಮಸಿ ಒರೆಸುತ್ತಾಳೆ ಎಂದಷ್ಟೇ ಅಪ್ಪ ತಿಳಿದಿದ್ದರು. ಚಿತ್ರ ಬರೆಯುವ ಗುಟ್ಟು ಮಾವನಿಗೆ ಮಾತ್ರ ಗೊತ್ತು.

ಚಿತ್ರವೂ ಅಪ್ಪ ಬಾಗಿಲು ಕಾಯುವ ಕ್ಲಬ್ಬಿನದೇ. ಅದರಲ್ಲಿ ಸದಸ್ಯರು ಒಬ್ಬರಿಗಿಂತ ಒಬ್ಬರು ಎತ್ತರದ ಕುರ್ಚಿ ಮಾಡಿಸಿಕೊಂಡು, ಕಡೆಗೆ ಕಾಫಿ ಕೊಡಲೂ ಏಣಿ ಹಾಕಬೇಕಾಗಿದೆ. ಇಳಿಯೋಣವೆಂದರೆ ಯಾರ ಕಾಲೂ ನೆಲಕ್ಕೆ ಎಟುಕದು. ಕೆಳಗೆ, ಕುರ್ಚಿಯೇ ಇಲ್ಲದ ಕಾವಲುಗಾರ ಅವರೆಲ್ಲರನ್ನೂ ಮೀರಿಸುವ ಬಿಗುಮಾನದಲ್ಲಿ ಗದ್ದ ಎತ್ತಿ ನಿಂತಿದ್ದಾನೆ. ಶಾಲೆಗೆ ಹೋಗುತ್ತಿದ್ದಾಗ ಅವಳೊಮ್ಮೆ ಗೇಟಿನಾಚೆಯಿಂದ ಕೈಬೀಸಿದ್ದಳು. ಅಪ್ಪ ಹೀಗೆಯೇ ನಿಂತಿದ್ದರು, ನೋಡಿಯೂ ನೋಡದವರ ಹಾಗೆ.

ಅವಳು ಚಿತ್ರ ಕೊರೆದಿದ್ದ ತಾಮ್ರದ ತಗಡಿನಿಂದ ಐವತ್ತೇ ಪ್ರತಿ ತೆಗೆದು, ಮತ್ತೆಂದೂ ಅಚ್ಚಾಗದಂತೆ ಮಾವ ತಗಡಿಗೆ ಅಡ್ಡಗೀಟು ಕೊರೆದಾಗಿತ್ತು. ಇನ್ನು ತಿದ್ದುವ ಮಾತೇ ಇಲ್ಲ. ಪ್ರತಿಯೊಂದರ ಕೆಳಗೂ ಪೆನ್ಸಿಲಿನಲ್ಲಿ ಅವಳ ಸಹಿ ಬೀಳಬೇಕು. ಬಿದ್ದರೆ ಅಪ್ಪನಿಗೆ ತಿಳಿಯುತ್ತದೆ. ಬೀಳದಿದ್ದರೆ ಇಷ್ಟು ದಿನದ ಕೆಲಸ ಮೂಲೆ ಸೇರುತ್ತದೆ.

"ಸಹಿ ಹಾಕಮ್ಮ, ಮೌನಗೌರಿ. ನಾಳೆ ಪ್ರದರ್ಶನ. ಸಹಿ ಇಲ್ದಿದ್ರೆ ಅದು ಬರೀ ಕಾಗದ," ಎಂದು ಮಾವ ಗೊಣಗುತ್ತಿದ್ದಂತೆಯೇ, ಕಂಕುಳಲ್ಲಿ ಟೋಪಿ ಸಿಕ್ಕಿಸಿಕೊಂಡು ಅಪ್ಪ ಒಳಗೆ ಬಂದರು.

ಮೇಜಿನ ಮೇಲೆ ಕಣ್ಣು ಬಿದ್ದದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯಯ್ಯೋ, ಇದು ನಮ್ಮ ಕ್ಲಬ್ಬೇ! ಈ ಮಹಾನುಭಾವರು ದಿನಾ ಕಾಫಿ ಆರಿದೆ ಅಂತ ವಾಪಸ್ ಕಳಿಸ್ತಾರೆ. ಏಣಿ ಹತ್ತೋ ಹೊತ್ತಿಗೆ ಆರದೆ ಇನ್ನೇನಾಗುತ್ತೆ? ಯಾರಯ್ಯಾ ಇದನ್ನ ಬರೆದಿದ್ದು?"

"ಯಾರೋ ಒಬ್ರು, ಭಾವ," ಎಂದು ಮಾವ ಅವಳ ಕಡೆ ನೋಡಿದರು.

ಅಪ್ಪನ ಬೆರಳು ಜಾರುತ್ತಾ ಬಂದು ಚಿತ್ರದ ಬಾಗಿಲ ಬಳಿ ನಿಂತಿತು. ನಗು ಅಲ್ಲೇ ಇಂಗಿಹೋಯಿತು.

"ನನ್ನನ್ನೂ ಬಿಟ್ಟಿಲ್ಲ ಪುಣ್ಯಾತ್ಮ." ಟೋಪಿಯನ್ನು ತಲೆಗಿಟ್ಟುಕೊಂಡರು. ಅದು ಸರ್ರನೆ ಜಾರಿ ಹುಬ್ಬು ಮುಚ್ಚಿತು. "ನನಗಿಂತ ಮುಂಚೆ ಇದ್ದವನ ಟೋಪಿ. ಅವನ ಬುರುಡೆ ಕುಂಬಳಕಾಯಿ! ಗದ್ದ ಎತ್ತಿ ಹಿಡೀದಿದ್ರೆ ಕಣ್ಣಿಗೇ ಬಂದು ಕೂರುತ್ತೆ. ತಲೆ ಆಡಿಸೋ ಹಾಗೂ ಇಲ್ಲ, ನೆಲಕ್ಕೆ ಬಿದ್ರೆ ದಂಡ. ಬರೆದವರಿಗೆ ಪಾಪ, ಜಂಬ ಅಂತ ಕಂಡಿದೆ. ಹೊರಗಿನವರಿಗೆ ಹೇಗೆ ಗೊತ್ತಾಗ್ಬೇಕು, ಬಿಡು."

ಅವಳು ಪೆನ್ಸಿಲನ್ನು ಕೆಳಗಿಟ್ಟಳು.

"ಹೊರಗಿನವರಲ್ಲ ಅಪ್ಪಾ. ಬರೆದಿದ್ದು ನಾನು."